ಎರಿ ಮಣ್ಣು ತರಗತಿಗೆ ತಂದಾಗ: ಎತ್ತು, ಮಣಿ, ದೋಣಿ, ತಕ್ಕಡಿ

ನವಲಗುಂದ ಕಡೆಯ ಅಕ್ಕಾರು (4ನೇ ತರಗತಿ)

ಗುಂಪಿನ ಎಲ್ಲ ಶಿಕ್ಷಕರಿಗೂ ಶರಣು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತು. 34 ಮಕ್ಕಳ ಕೈಯಿಂದ ಎರಿ (ಕಪ್ಪು) ಮಣ್ಣಿನ ಎತ್ತು ಮಾಡಿಸಬೇಕು, ಅದೇ ಮಣ್ಣನ್ನು ಮುಂದೆ ಗಣಿತಕ್ಕೂ ಪರಿಸರ ಅಧ್ಯಯನಕ್ಕೂ ಬಳಸಬೇಕು ಅಂತ ವಿಚಾರ. ಮೂರು ತೊಡಕುಗಳಿವೆ. ಒಣಗಲು ಇಟ್ಟ ಎರಡನೇ ದಿನಕ್ಕೆ ಎತ್ತಿನ ಹೊಟ್ಟೆ ಸೀಳುತ್ತದೆ, ಕಾಲು ಕಳಚುತ್ತವೆ. 40 ನಿಮಿಷದ ಪಿರಿಯಡ್‌ನಲ್ಲಿ ಹಂಚುವುದು, ಕೈ ತೊಳೆಸುವುದರಲ್ಲೇ ಅರ್ಧ ಮುಗಿಯುತ್ತದೆ. ಇನ್ನು ಎತ್ತು ಮಾಡಿ ಮಗು ಕಲಿತದ್ದೇನು ಅಂತ ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಪೇಟೆಯ ಬಣ್ಣದ ಕ್ಲೇ ಬೇಡ. ಊರ ಮಣ್ಣಿನಲ್ಲೇ ಆಗಬೇಕು.

ಚಿತ್ರಕಲಾ ಮಾಸ್ತರ, ಹುಬ್ಬಳ್ಳಿ

ಅಕ್ಕಾರ, ಹೊಟ್ಟಿ ಸೀಳೂದು ಮಣ್ಣಿನ ತಪ್ಪಲ್ರಿ, ಹದದ ತಪ್ಪು. ಬರೇ ಎರಿ ತಗೊಂಡ್ರ ಸೀಳದ ಇರೂದಿಲ್ಲ. ಅದಕ್ಕ ಉಸುಕು ಬೇಕು.

ಲೆಕ್ಕ ಹಿಂಗ ಹಿಡೀರಿ. ಮಗುವಿಗೆ 200 ಗ್ರಾಂ ಹಸಿ ಮಣ್ಣು, ಅಂದ್ರ ಒಂದು ದೊಡ್ಡ ಲಿಂಬಿಹಣ್ಣಿಗಿಂತ ತುಸು ಹೆಚ್ಚು. 34 ಮಕ್ಕಳಿಗೆ 7 ಕಿಲೋ ಹತ್ರ ಬರತದ. 5 ಕಿಲೋ ಒಣ ಮಣ್ಣು, ಸಾಣಿಗಿ ಹಿಡಿದ ಸಣ್ಣ ಉಸುಕು ಒಂದೂಕಾಲು ಕಿಲೋ ಇದ್ರ ನೀರು ಕೂಡಿ ಅಷ್ಟು ಆಗಿ ಸ್ವಲ್ಪ ಉಳೀತದ. ತೂಕ ಇಲ್ಲಂದ್ರ ನಾಲ್ಕು ತಂಬಿಗಿ ಮಣ್ಣಿಗೆ ಒಂದು ತಂಬಿಗಿ ಉಸುಕು. ಅದರ ಮ್ಯಾಲೆ ಒಂದು ಹಿಡಿ ಗೋಣಿ ನಾರನ್ನ ಅರ್ಧ ಬೆರಳುದ್ದ ಕತ್ತರಿಸಿ ಹಾಕ್ರಿ. ನಾರು ಬಿರುಕನ್ನ ತಡೀತದ, ಕಾಲು ಕಳಚೂದೂ ಕಡಿಮಿ ಆಗತದ. ಮಣಿ ಮಾಡೂ ಮಣ್ಣಿಗೆ ಮಾತ್ರ ನಾರು ಬ್ಯಾಡ, ತೂತಿನ್ಯಾಗ ಸಿಕ್ಕೊತದ.

ಹೊಲದ ಮ್ಯಾಲಿನ ಪದರದ ಮಣ್ಣು ತರಬ್ಯಾಡ್ರಿ. ಬೇರು, ಗೊಬ್ಬರ, ಹೊಡದ ಔಷಧ ಎಲ್ಲಾ ಅಲ್ಲೇ ಇರತಾವ. ಒಂದು ಗೇಣು ಕೆಳಗಿಂದು ತಗೀರಿ. ಕೆರಿ ದಂಡಿಗೆ ಮಕ್ಕಳನ್ನ ಕಳಸೂದು ಬ್ಯಾಡ, ದೊಡ್ಡವರೇ ತರಬೇಕು. ಗಾಜಿನ ಚೂರು, ಜಾಲಿ ಮುಳ್ಳು ಆರಿಸಿ ತಗದಮ್ಯಾಲೇ ಮಕ್ಕಳ ಕೈಗೆ.

ಹೆಂಟಿ ಪೂರಾ ಒಣಗಿಸಿ, ಕುಟ್ಟಿ, ರವಾ ಸಾಣಿಗಿ ಹಿಡೀರಿ. ಬಕೀಟಿನ್ಯಾಗ ಮೊದಲ ನೀರು, ಆಮ್ಯಾಲೆ ಮಣ್ಣು ಉದುರಸ್ರಿ, ಕಲಕಬ್ಯಾಡ್ರಿ. ಪೂರಾ ಒಣಗಿದ ಮಣ್ಣು ನೀರು ಕುಡುದು ತಾನಾಗೇ ಅರಳತದ. ಅರ್ಧ ಹಸಿ ಇದ್ದ ಹೆಂಟಿ ಎರಡು ದಿನ ನೆನದ್ರೂ ನಡುವ ಗಂಟು ಉಳೀತದ, ಆ ಗಂಟಿನ ಹತ್ರನೇ ಮುಂದ ಬಿರುಕು ಬೀಳತದ. ಒಂದು ರಾತ್ರಿ ಬಿಟ್ಟು ಮ್ಯಾಲಿನ ತಿಳಿ ನೀರು ಬಸದು, ಹಳೇ ಗೋಣಿ ತಟ್ಟಿನ ಮ್ಯಾಲೆ ನೆರಳಾಗ ಹರವ್ರಿ. ಕೈಗೆ ಮೆತ್ತದಂಗ ಆದಮ್ಯಾಲೆ ಉಸುಕು ಹಾಕಿ, ರೊಟ್ಟಿ ಹಿಟ್ಟು ನಾದಿಧಂಗ ಅಂಗೈಲೆ ಒತ್ತಿ ನಾದ್ರಿ. ಹಸಿ ಗೋಣಿಯೊಳಗ ಸುತ್ತಿ ಮೂರು ದಿನ ಇಟ್ರ ಹದ ಇನ್ನೂ ಚಲೋ ಬರತದ.

ಹದ ನೋಡೂದು ಮಕ್ಕಳಿಗೇ ಬಿಡ್ರಿ. ಪೆನ್ಸಿಲ್ ದಪ್ಪದ ಸುರುಳಿ ಹೊಸದು ಬೆರಳಿಗೆ ಸುತ್ತಬೇಕು. ಬೆರಳಿಗೆ ಅಂಟಿದ್ರ ನೀರು ಹೆಚ್ಚಾತು. ಬಾಗಿದಲ್ಲೆ ಸೀಳು ಬಿಟ್ರ ಒಣಗೇತಿ, ಇಲ್ಲಾ ಉಸುಕು ಹೆಚ್ಚಾಗೇತಿ. ಸೀಳದಂಗ ಸುತ್ತಿಕೊಂಡ್ರ ಅದೇ ಹದ.

ಎತ್ತಿಗೆ ಕಾಲು ಬ್ಯಾರೆ ಮಾಡಿ ಹಚ್ಚಬ್ಯಾಡ್ರಿ. 6 ಸೆಂಟಿಮೀಟರ್ ಉದ್ದ, ಎರಡು ಬೆರಳು ದಪ್ಪದ ಉಂಡಿ ತಗೊಂಡು ಅದರಿಂದನೇ ನಾಲ್ಕು ಮೋಟು ಕಾಲು ಚಿವುಟಿ ಎಳೀರಿ, ಕೋಡೂ ತಲಿ ಮಣ್ಣಿಂದನೇ. ನಮ್ಮ ಹಿರಿಯರು ಮಾಡೂ ಮಣ್ಣೆತ್ತಿಗೆ ಕಾಲು ಮೋಟು ಇರೂದಕ್ಕ ಕಾರಣ ಇದ. ಹಚ್ಚಲೇಬೇಕಂದ್ರ ಎರಡೂ ಕಡೆ ಕಸಬರಿಗಿ ಕಡ್ಡೀಲೆ ಗೀರಿ, ಅದೇ ಮಣ್ಣಿನ ರಾಡಿ ಹಚ್ಚಿ ಒತ್ತ್ರಿ. ನೀರು ಹಚ್ಚಿ ಅಂಟಿಸಿದ್ದು ಒಣಗಿದ ದಿನಾನ ಬೀಳತದ.

ಕಪ್ಪತಗುಡ್ಡದ ಮಗ್ಗಲು (ಗದಗ)

ಮಾಸ್ತರ್ ಹೇಳಿದ ಹದ ಸರಿ. ಒಂದು ಮಾತು ಸೇರಿಸುತ್ತೇನೆ. ಬಿರುಕನ್ನು ಪೂರ್ತಿ ತಪ್ಪಿಸಿಬಿಟ್ಟರೆ ಒಂದು ಒಳ್ಳೆಯ ಪಾಠ ಕೈತಪ್ಪಿ ಹೋಗುತ್ತದೆ. ಎತ್ತು ಸೀಳಬಾರದು, ಒಪ್ಪಿದೆ. ಆದರೆ ಯಾಕೆ ಸೀಳುತ್ತದೆ ಅಂತ ಮಕ್ಕಳು ಅಳೆದು ನೋಡಲಿ.

ಎರಿ ಮಣ್ಣಿನ ಜೇಡಿ ಕಣಗಳು ತೆಳು ಹಾಳೆಗಳ ಕಟ್ಟಿನಂತೆ ಇರುತ್ತವೆ. ಹಾಳೆಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತವೆ, ನೀರು ಹೋದರೆ ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಬೇಸಿಗೆಯಲ್ಲಿ ನರಗುಂದ, ರೋಣದ ಹೊಲಗಳಲ್ಲಿ ಕೈ ಹೋಗುವಷ್ಟು ಬಿರುಕು ಬೀಳುವುದು ಇದರಿಂದಲೇ. ಉಸುಕಿನ ಕಣ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಒಣಗುವ ಮಣ್ಣಿನಲ್ಲಿ ಅದು ಗೂಟದಂತೆ ನಿಲ್ಲುತ್ತದೆ.

ಚಟುವಟಿಕೆ ಹೀಗೆ ಮಾಡಿಸಿ. ಐದೈದು ಮಕ್ಕಳ ಗುಂಪು, ಗುಂಪಿಗೆ ಮೂರು ಪಟ್ಟಿ: ಬರೀ ಎರಿಯದು ಒಂದು, ನಾಲ್ಕಕ್ಕೆ ಒಂದು ಉಸುಕಿನದು ಒಂದು, ಎರಡಕ್ಕೆ ಒಂದು ಉಸುಕಿನದು ಒಂದು. ಪ್ರತಿ ಪಟ್ಟಿ 12 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪ. ದಪ್ಪ ಸಮ ಬರಬೇಕಾದರೆ ಎರಡೂ ಬದಿಗೆ 1 ಸೆಂ.ಮೀ. ದಪ್ಪದ ಪಟ್ಟಿಕಟ್ಟಿಗೆ ಇಟ್ಟು ಅದರ ಮೇಲೆ ಲಟ್ಟಣಿಗೆ ಉರುಳಿಸಿ. ಮೇಲೆ ಸರಿಯಾಗಿ 10 ಸೆಂ.ಮೀ. ಅಂತರದಲ್ಲಿ ಕಡ್ಡಿಯಿಂದ ಎರಡು ಚುಕ್ಕೆ ಚುಚ್ಚಬೇಕು. ಅಲ್ಲೇ ನಿಲ್ಲಿಸಿ ಕೇಳಿ: ಒಣಗಿದ ಮೇಲೆ ಈ ಚುಕ್ಕೆಗಳ ನಡುವೆ ಎಷ್ಟು ಉಳಿಯುತ್ತದೆ? ಪ್ರತಿ ಮಗು ತನ್ನ ಊಹೆಯನ್ನು ಪೆನ್ನಿನಲ್ಲಿ ಬರೆಯಲಿ. ಪೆನ್ಸಿಲ್ ಕೊಟ್ಟರೆ ನಾಲ್ಕನೇ ದಿನ ಅಳಿಸಿ ತಿದ್ದುತ್ತಾರೆ. "ಹತ್ತೇ ಉಳೀತದ್ರಿ" ಅನ್ನುವ ಮಕ್ಕಳೇ ಹೆಚ್ಚಿರುತ್ತಾರೆ, ಒಣಗಿದರೆ ಗಟ್ಟಿಯಾಗುತ್ತದೆ, ಅಷ್ಟೇ ಅಂತ ಅವರ ಎಣಿಕೆ.

ನೆರಳಲ್ಲಿ ದಿನಕ್ಕೊಮ್ಮೆ ಅಳೆದು ಕೋಷ್ಟಕ ತುಂಬಲಿ. ಬರೀ ಎರಿಯ ಪಟ್ಟಿ ನಾಲ್ಕೈದು ದಿನದಲ್ಲಿ ಎಂಟೂವರೆ, ಒಂಬತ್ತರ ಆಸುಪಾಸಿಗೆ ಬರುತ್ತದೆ. ಉಸುಕು ಹೆಚ್ಚಿದಷ್ಟೂ ಕುಗ್ಗುವುದು ಕಡಿಮೆ. ಸೆಂಟಿಮೀಟರ್, ಮಿಲಿಮೀಟರ್, ದಶಕ ತಗೊಂಡು ಕಳೆಯುವುದು ಎಲ್ಲವೂ ಇದರಲ್ಲೇ ಬರುತ್ತದೆ, ಮಗುವಿಗೆ ಆ ಉತ್ತರ ಬೇಕಾಗಿಯೂ ಇರುತ್ತದೆ.

ಇದರಲ್ಲಿ ಕೆಡುವುದು ಒಂದೇ ಕಡೆ. ಪಟ್ಟಿಯನ್ನು ಬರೀ ಹಲಗೆ ಮೇಲೋ ಸ್ಲೇಟಿನ ಮೇಲೋ ಒತ್ತಿ ಇಟ್ಟರೆ ತಳ ಅಂಟುತ್ತದೆ. ಮೇಲ್ಭಾಗ ಕುಗ್ಗಲು ಎಳೆಯುತ್ತದೆ, ತಳ ಬಿಡುವುದಿಲ್ಲ, ನಡುವೆ ಟಪ್ ಅಂತ ಸೀಳುತ್ತದೆ. ಆಗ ಚುಕ್ಕೆಗಳ ಅಂತರ ಹತ್ತೇ ಇರುತ್ತದೆ, ಮಗು ಕುಗ್ಗಲಿಲ್ಲ ಅಂತ ಬರೆಯುತ್ತದೆ. ಕೆಳಗೆ ಪೇಪರ್ ಹಾಸಿ ಬೂದಿ ಉದುರಿಸಿ, ಪಟ್ಟಿ ಜಾರಲಿ. ಅಂಚು ಮೇಲಕ್ಕೆ ಮುದುಡಿದರೆ ಮೇಲ್ಭಾಗ ಬೇಗ ಒಣಗುತ್ತಿದೆ ಅಂತ ಅರ್ಥ, ಮಗುಚಿ ಹಾಕಿ. ಬೇಕೆಂದೇ ಒಂದು ಪಟ್ಟಿಯನ್ನು ಹಲಗೆಗೆ ಅಂಟಿಸಿಟ್ಟು ಎರಡನ್ನೂ ಅಕ್ಕಪಕ್ಕ ತೋರಿಸಿದರೆ ಎತ್ತಿನ ಹೊಟ್ಟೆ ಯಾಕೆ ಸೀಳಿತು ಅನ್ನುವುದಕ್ಕೆ ಮಕ್ಕಳೇ ಉತ್ತರ ಕೊಡುತ್ತಾರೆ.

ಕಲಘಟಗಿ, ಅಳ್ನಾವರ, ಹಾನಗಲ್ ಕಡೆ ಮಸಾರಿ (ಕೆಂಪು ಮಣ್ಣು) ಇರುವವರಿಗೆ ಈ ಅಳತೆ ಬರುವುದಿಲ್ಲ. ಮಸಾರಿ ಬಹಳ ಕಡಿಮೆ ಕುಗ್ಗುತ್ತದೆ, ಆದರೆ ಸುರುಳಿ ಹೊಸೆದರೆ ಮುರಿಯುತ್ತದೆ. ಅಲ್ಲಿ ಉಸುಕಿನ ಬದಲು ಕೆರೆಯ ತಳದ ಜೇಡಿ ಬೆರೆಸಬೇಕು. ಎರಡು ಊರಿನ ಶಾಲೆಗಳು ಒಂದೊಂದು ಕಿಲೋ ಮಣ್ಣು ಅದಲು ಬದಲು ಮಾಡಿಕೊಂಡರೆ ಎಷ್ಟು ಚೆನ್ನ.

ನವಲಗುಂದ ಕಡೆಯ ಅಕ್ಕಾರು

ಬಹಳ ಉಪಕಾರ ಆಯ್ತು ಸರ್. ಒಣಗಿದ ಎತ್ತನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟರೆ ಗಟ್ಟಿ ನಿಲ್ಲುತ್ತದಾ? ಪಾಲಕರು ಕೇಳುತ್ತಿದ್ದಾರೆ.

ಚಿತ್ರಕಲಾ ಮಾಸ್ತರ, ಹುಬ್ಬಳ್ಳಿ

ಶಾಲಿಯೊಳಗ ಬ್ಯಾಡ್ರಿ. ದಪ್ಪ ಮಣ್ಣಿನ ಒಳಗ ಹಸಿ ಉಳದಿದ್ರ ಉಗಿಯಾಗಿ ಸಿಡೀತದ, ಚೂರು ಕಣ್ಣಿಗೆ ಬಡೀತಾವ. ಇನ್ನೊಂದು, ನಮ್ಮ ಎರಿಯೊಳಗ ಬಿಳಿ ಸುಣ್ಣದ ಹಳ್ಳು ಇರತಾವ. ಸಾಣಿಗಿ ದಾಟಿ ಬಂದ ಸಣ್ಣ ಚೂರು ಸುಟ್ಟಾಗ ಸುಟ್ಟ ಸುಣ್ಣ ಆಗತದ, ಆಮ್ಯಾಲೆ ಗಾಳಿಯೊಳಗಿನ ಪಸಿ ಹೀರಿ ಉಬ್ಬತದ. ಸುಟ್ಟ ದಿನ ಚಂದ ಕಂಡ ಎತ್ತು ಕೆಲವು ದಿನಕ್ಕ ಚಕ್ಕಿ ಚಕ್ಕಿ ಎದ್ದು ಬೀಳತದ. ಬಿಸಿಲಿಗೆ ಒಣಗಿಸಿದ್ದೇ ಸಾಕು, ಅದೂ ಮೊದಲ ಎರಡು ದಿನ ನೆರಳಾಗ ಪೇಪರ್ ಮುಚ್ಚಿ, ದಿನಾ ಮಗ್ಗಲು ಹೊರಳಿಸಿ. ಬಣ್ಣಕ್ಕ ಕೆಮ್ಮಣ್ಣು, ಸೀಮೆಸುಣ್ಣದ ಪುಡಿ, ಗೋಂದು. ಹಸಿ ಸುಣ್ಣ ಮಕ್ಕಳ ಕೈಗೆ ಕೊಡಬಾರದು, ಕಣ್ಣಿಗೆ ಬಿದ್ರ ಸುಡತದ.

ನಲಿ-ಕಲಿ ಅಕ್ಕ, ಹಾವೇರಿ

ಸಮಯದ ಪ್ರಶ್ನೆಗೆ ಬರುತ್ತೇನೆ. 34 ಮಕ್ಕಳಿಗೂ ಒಮ್ಮೆಲೆ ಮಣ್ಣು ಕೊಡಬೇಡಿ. ನಲಿ-ಕಲಿಯಲ್ಲಿ (ಕೆಳಗಿನ ತರಗತಿಗಳ ಚಟುವಟಿಕೆ ಕಲಿಕೆ) ಶಿಕ್ಷಕರ ನೆರವಿನ ಗುಂಪು ಬೇರೆ, ತಾವೇ ಕಲಿಯುವ ಗುಂಪು ಬೇರೆ ಇರುತ್ತವಲ್ಲ, ಆ ರೂಢಿಯನ್ನು ನಾಲ್ಕನೇ ತರಗತಿಗೂ ತನ್ನಿ. 17 ಮಕ್ಕಳಿಗೆ ಮಣ್ಣು, 17 ಮಕ್ಕಳಿಗೆ ನಿನ್ನೆ ಮಾಡಿದ್ದರ ಅಳತೆ ಮತ್ತು ಬರಹ. ಮರುದಿನ ಅದಲು ಬದಲು. ಮಣ್ಣಿನ ಉಂಡೆಗಳನ್ನು ಮಧ್ಯಾಹ್ನದ ಊಟದ ಬಿಡುವಿಗೆ ಮೊದಲೇ ದಾರದಿಂದ ಕೊಯ್ದು ಹಸಿ ಬಟ್ಟೆ ಮುಚ್ಚಿ ಇಡಿ. ಹಂಚಲು 3 ನಿಮಿಷ, ಕೈಕೆಲಸಕ್ಕೆ 20, ಹೆಸರು ಗೀರಿ ಒಣಗಲು ಇಡಲು 5, ಕೈ ತೊಳೆಯಲು 7, ಉಳಿದದ್ದು ಮಾತಿಗೆ.

ಮಕ್ಕಳ ಮುಂದೆ ನೀರಿನ ಬಟ್ಟಲು ಇಡಲೇಬೇಡಿ. ಇಟ್ಟರೆ ಮೆತ್ತಗಾಗಲಿ ಅಂತ ನೀರು ಸುರಿಯುತ್ತಾರೆ, ಹೆಚ್ಚಿದ ನೀರೆಲ್ಲ ಕೊನೆಗೆ ಬಿರುಕಾಗಿ ಹೊರಬರುತ್ತದೆ. ನಾಲ್ವರಿಗೊಂದು ಒದ್ದೆ ಬಟ್ಟೆ ಸಾಕು, ಬೆರಳು ಒರೆಸಿಕೊಳ್ಳುತ್ತಾರೆ.

ಕೈಯನ್ನು ನಲ್ಲಿಯ ಕೆಳಗೆ ತೊಳೆಸಬೇಡಿ, ಎರಿ ಮಣ್ಣು ಗಟಾರದಲ್ಲಿ ಕೂತರೆ ಕಲ್ಲಾಗುತ್ತದೆ. ಮೂರು ಬಕೆಟ್ ಸಾಲಾಗಿ ಇಡಿ: ಮೊದಲನೆಯದರಲ್ಲಿ ಮಣ್ಣು ಬಿಡಿಸುವುದು, ಎರಡನೆಯದರಲ್ಲಿ ಅಲಸುವುದು, ಮೂರನೆಯದರ ನೀರನ್ನು ತಂಬಿಗೆಯಿಂದ ಹಾಕಿಸಿಕೊಂಡು ಸಾಬೂನು ಹಚ್ಚುವುದು. ಉಗುರು ಹಿಂದಿನ ದಿನವೇ ಕತ್ತರಿಸಿರಬೇಕು. ಕೈಗೆ ಗಾಯ ಇರುವ ಮಗುವಿಗೆ ಅಳತೆಯ ಕೆಲಸ. ಮೊದಲ ಬಕೆಟ್‌ನ ತಳದಲ್ಲಿ ಕೂತ ಮಣ್ಣು ಮರುದಿನ ರಾಡಿಗೆ ಬರುತ್ತದೆ.

ಇದೇ ಮಣ್ಣನ್ನು ಒಂದನೇ, ಎರಡನೇ ತರಗತಿಯವರು ಅಕ್ಷರಕ್ಕೆ ಬಳಸಬಹುದು. ನಲಿ-ಕಲಿ ಕ್ರಮದಲ್ಲಿ ರ, ಗ, ಸ, ದ, ಅ ಕಲಿತ ಮಗು ಜ, ವ, ಮ, ಬ, ನ ಗುಂಪಿಗೆ ಬಂದಾಗ ವ-ಮ ಗೊಂದಲ ಶುರುವಾಗುತ್ತದೆ. ಒಂದು ಗೇಣಿನ ಸುರುಳಿಯಲ್ಲಿ ವ ಮಾಡಿಸಿ, ಇನ್ನೊಂದು ಚೋಟು ಸುರುಳಿ ಬಲಕ್ಕೆ ಸೇರಿಸಿ ಮ ಮಾಡಿಸಿ, ಮತ್ತೆ ತೆಗೆಸಿ. ಸೇರಿಸಿದ ತುಂಡು ಯಾವುದು ಅಂತ ಬೆರಳಿಗೆ ಗೊತ್ತಾಗುತ್ತದೆ. ಪ ಮತ್ತು ಷ ಹಾಗೆಯೇ, ಹೊಟ್ಟೆಯೊಳಗಿನ ಒಂದು ಗೀರು. ಸುರುಳಿಯನ್ನು ಬರೆಯುವ ದಿಕ್ಕಿನಲ್ಲೇ ಇಡಿಸಬೇಕು, ತುಂಡು ತುಂಡಾಗಿ ಜೋಡಿಸಿದರೆ ಅದು ಚಿತ್ರವಾಗುತ್ತದೆ, ಬರವಣಿಗೆಗೆ ನೆರವಾಗುವುದಿಲ್ಲ.

ಲೆಕ್ಕದ ಮಾಸ್ತರ, ಧಾರವಾಡ

ಎತ್ತಿನ ನಂತರ ಮಣಿ ಮಾಡಿಸಿ. ಮಗುವಿಗೆ ಹತ್ತು ಮಣಿ, 34 ಮಕ್ಕಳಿಗೆ 340. ಹತ್ತು ಪೋಣಿಸಿದರೆ ಒಂದು ಸರ, ಹತ್ತು ಸರ ಕಟ್ಟಿದರೆ ನೂರರ ಗೊಂಚಲು. ತರಗತಿಯಲ್ಲಿ ಮೂರು ಗೊಂಚಲು, ನಾಲ್ಕು ಸರ. 340 ಅನ್ನುವ ಸಂಖ್ಯೆ ಗೋಡೆಯ ಮೊಳೆಗೆ ನೇತಾಡುತ್ತದೆ.

ಮಣಿಯ ಅಳತೆ ಹಸಿಯಲ್ಲಿ ಒಂದೂವರೆ ಸೆಂ.ಮೀ., ಅಂದರೆ ದೊಡ್ಡ ಕಡಲೆಕಾಳಿಗಿಂತ ಸ್ವಲ್ಪ ಹೆಚ್ಚು. ತೂತಿಗೆ ತೆಂಗಿನ ಕಸಬರಿಗೆ ಕಡ್ಡಿಯ ದಪ್ಪ ತುದಿ ಬಳಸಿ. ಮಣಿ ಒಣಗುವಾಗ ತೂತೂ ಕಿರಿದಾಗುತ್ತದೆ, ತೆಳು ತುದಿಯಲ್ಲಿ ಚುಚ್ಚಿದ್ದಕ್ಕೆ ಸೂಜಿ ಹೋಗುವುದಿಲ್ಲ. ಒಂದು ಕಡೆಯಿಂದ ಪೂರಾ ತಳ್ಳಿದರೆ ಇನ್ನೊಂದು ಕಡೆ ಮಣ್ಣು ಹೂವಿನಂತೆ ಬಿರಿಯುತ್ತದೆ. ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ ತಿರುವುತ್ತ ಚುಚ್ಚಬೇಕು.

ಕಡ್ಡಿಯಲ್ಲೇ ಬಿಟ್ಟು ಒಣಗಿಸುವುದು ಸಾಮಾನ್ಯ ತಪ್ಪು. ಕಡ್ಡಿ ಕುಗ್ಗುವುದಿಲ್ಲ, ಮಣಿ ಕುಗ್ಗುತ್ತದೆ, ಮಣಿ ಸೀಳುತ್ತದೆ. ಮೂರ್ನಾಲ್ಕು ತಾಸಿನ ನಂತರ ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಒತ್ತಿದರೆ ಚಪ್ಪಟೆ ಆಗಬಾರದು. ಆ ಹೊತ್ತಿಗೆ ಕಡ್ಡಿಯನ್ನು ತಿರುವಿ ಎಳೆಯಿರಿ.

ಕಪ್ಪತಗುಡ್ಡದ ಮಗ್ಗಲು (ಗದಗ)

ಸರ್, ಎಣಿಕೆಗೆ ಹುಣಸೆ ಬೀಜ ಸಾಲದೇ? ಒಡೆಯುವುದಿಲ್ಲ, ಕೈ ಕಪ್ಪಾಗುವುದಿಲ್ಲ. ಮಣ್ಣಿನ ಮಣಿ ಬೆವರು ಕೈಯಲ್ಲಿ ಸವೆಯುತ್ತದೆ.

ಲೆಕ್ಕದ ಮಾಸ್ತರ, ಧಾರವಾಡ

ಸವೆಯುತ್ತದೆ, ನಿಜ. ಒಂದನೇ ತರಗತಿಯ ದಿನನಿತ್ಯದ ಎಣಿಕೆಗೆ ಹುಣಸೆ ಬೀಜವೇ ಮೇಲು. ಆದರೆ ಬೀಜ ಹತ್ತರ ಕಟ್ಟಾಗಿ ನಿಲ್ಲುವುದಿಲ್ಲ, ಕಡ್ಡಿಪೆಟ್ಟಿಗೆಯಲ್ಲಿ ತುಂಬಬೇಕು. ಪೆಟ್ಟಿಗೆ ಮುಚ್ಚಿದರೆ ಒಳಗಿನ ಹತ್ತು ಕಾಣುವುದಿಲ್ಲ. ಸರದಲ್ಲಿ ಹತ್ತು ಕಾಣುತ್ತಲೇ ಇರುತ್ತದೆ. 52ರಿಂದ 17 ಕಳೆಯುವಾಗ ಮಗು ಒಂದು ಸರದ ಗಂಟು ಬಿಚ್ಚಿ ಮಣಿಗಳನ್ನು ನೆಲಕ್ಕೆ ಉದುರಿಸಬೇಕು. ಐದು ಸರ ನಾಲ್ಕಾಗಿ, ಎರಡು ಬಿಡಿ ಮಣಿ ಹನ್ನೆರಡಾಗಿದ್ದು ಕಣ್ಣೆದುರೇ ನಡೆಯುತ್ತದೆ. "ದಶಕದಿಂದ ಕೈಗಡ ತಗೊಂಡೆ" ಅನ್ನುವ ಮಾತಿಗೆ ಆಗ ಅರ್ಥ ಬರುತ್ತದೆ. ಅದಕ್ಕೆ ಗಂಟು ಬಿಚ್ಚಲು ಸುಲಭ ಇರಬೇಕು, ಬಿಗಿ ಗಂಟು ಹಾಕಿದರೆ ಚಟುವಟಿಕೆ ಅಲ್ಲೇ ನಿಂತುಹೋಗುತ್ತದೆ. ಕೆಂಪು ಬಿಲ್ಲೆ ಹತ್ತು, ನೀಲಿ ಬಿಲ್ಲೆ ಒಂದು ಅನ್ನುವ ಸಾಮಗ್ರಿ ಇದರ ನಂತರದ್ದು, ಮೊದಲಿನದ್ದಲ್ಲ.

ಪರಟಿ ತಕ್ಕಡಿ (ಶಿಗ್ಗಾವಿ)

ಐದನೇ ತರಗತಿಗೆ ಇದೇ ಮಣ್ಣಿನಿಂದ ದೋಣಿ ಮಾಡಿಸಬಹುದು. ಮೊದಲು 50 ಗ್ರಾಂ ಉಂಡೆ ಬಿಡಿ, ಮುಳುಗುತ್ತದೆ. ಅದೇ 50 ಗ್ರಾಂ ಮಣ್ಣನ್ನು ತೇಲಿಸಿ ಅಂತ ಹೇಳಿ. ಬಹಳ ಮಕ್ಕಳು ಚಪ್ಪಟೆ ರೊಟ್ಟಿ ತಟ್ಟುತ್ತಾರೆ, ಅದೂ ಮುಳುಗುತ್ತದೆ. ಬಟ್ಟಲು ಮಾಡುವವರೆಗೆ ಬಾಯಿ ಬಿಡಬೇಡಿ.

6 ಸೆಂ.ಮೀ. ಅಗಲದ ಅರ್ಧಗೋಲ ಬಟ್ಟಲು 56 ಘನ ಸೆಂ.ಮೀ. ಜಾಗ ಹಿಡಿಯುತ್ತದೆ, ಅಂದರೆ 56 ಗ್ರಾಂ ನೀರನ್ನು ಸರಿಸುತ್ತದೆ. 50 ಗ್ರಾಂ ಮಣ್ಣಿಗೆ ಅದು ಅಂಚಿನ ಮಟ್ಟ, ಸ್ವಲ್ಪ ಅಲುಗಿದರೂ ಮುಳುಗುತ್ತದೆ. 7 ಸೆಂ.ಮೀ.ಗೆ ಹಿಗ್ಗಿಸಿ ಗೋಡೆಯನ್ನು ಮೂರೂವರೆ ಮಿಲಿಮೀಟರ್‌ಗೆ ಇಳಿಸಿದರೆ ಸುಮಾರು 90 ಘನ ಸೆಂ.ಮೀ. ಆಗುತ್ತದೆ, ಲೆಕ್ಕದ ಪ್ರಕಾರ 40 ಗ್ರಾಂ ಹೊರುತ್ತದೆ. 2011ರಿಂದ ಬಂದ ಒಂದು ರೂಪಾಯಿ ನಾಣ್ಯ 3.79 ಗ್ರಾಂ, ಹತ್ತಿಟ್ಟರೆ ಹತ್ತಿರ ಹತ್ತಿರ 38 ಗ್ರಾಂ. ಮಕ್ಕಳ ದೋಣಿ ಅದಕ್ಕಿಂತ ಮೊದಲೇ ವಾಲುತ್ತದೆ, ಯಾಕಂದರೆ ನಾಣ್ಯಗಳನ್ನು ಒಂದೇ ಮಗ್ಗಲಿಗೆ ಹಾಕುತ್ತಾರೆ. 2019ರ ಹೊಸ ನಾಣ್ಯ 3.09 ಗ್ರಾಂ, ಹಳೆಯದರ ಜೊತೆ ಬೆರೆಸಿದರೆ ಗುಂಪುಗಳ ಲೆಕ್ಕ ಹೊಂದುವುದಿಲ್ಲ. ದೋಣಿಯನ್ನು ಹಸಿ ಇರುವಾಗಲೇ ಬಿಡಿ. ಒಣಗಿದ ಎರಿ ದೋಣಿ ನೀರು ಮುಟ್ಟಿದ ಕೂಡಲೇ ಅರಳಿ ಕರಗುತ್ತದೆ. ಹೊರಮೈಗೆ ಒಂದು ಹನಿ ಎಣ್ಣೆ ಸವರಿದರೆ ಇನ್ನಷ್ಟು ಹೊತ್ತು ತಡೆಯುತ್ತದೆ.

50 ಗ್ರಾಂ ತೂಗಲು ತಕ್ಕಡಿ ಬೇಕಲ್ಲ. 30 ಸೆಂ.ಮೀ. ಕಟ್ಟಿಗೆ ಸ್ಕೇಲು, ಎರಡು ತೆಂಗಿನ ಪರಟಿ, ದಾರ. ನಡುವಿನ ತೂತನ್ನು 15ರ ಗೆರೆಯಲ್ಲಿ ಕೊರೆಯಬೇಡಿ. ಸ್ಕೇಲಿನ ಎರಡೂ ತುದಿಯಲ್ಲಿ ಗೆರೆಯ ಆಚೆ ಉಳಿದ ಭಾಗ ಸಮ ಇರುವುದಿಲ್ಲ. ಬೆರಳ ಮೇಲೆ ತೂಗಿಸಿ ನಡು ಹುಡುಕಿ. ಆ ತೂತು ಸ್ಕೇಲಿನ ಮೇಲಂಚಿಗೆ ಹತ್ತಿರ ಇರಬೇಕು, ಪರಟಿ ಕಟ್ಟುವ ತೂತುಗಳು ಅದಕ್ಕಿಂತ ಕೆಳಗೆ. ಉಲ್ಟಾ ಆದರೆ ತಕ್ಕಡಿ ಸಮ ನಿಲ್ಲದೆ ಒಂದು ಕಡೆ ಪೂರ್ತಿ ಬೀಳುತ್ತದೆ, ಆಗ ಮಕ್ಕಳು ತೂಕ ಹೆಚ್ಚು ಅಂತ ತಪ್ಪು ತಿಳಿಯುತ್ತಾರೆ. ಪರಟಿಗಳ ತೂಕ ಎಂದೂ ಸಮ ಇರುವುದಿಲ್ಲ. ಹಗುರ ಇರುವ ಪರಟಿಯ ತಳಕ್ಕೆ ಮಣ್ಣು ಮೆತ್ತಿ ಸಮ ಮಾಡಿ, ಆ ಮಣ್ಣು ಒಣಗಿ ಹಗುರಾದ ಮೇಲೆ ಮತ್ತೊಮ್ಮೆ ಸರಿ ಮಾಡಿ.

ದಂಟಿನ ಬಂಡಿ (ರಾಣೇಬೆನ್ನೂರು)

ಘನಾಕೃತಿಗೆ ಮಾತ್ರ ಎರಿ ಮಣ್ಣು ಬೇಡ. ಕಡ್ಡಿ ಚುಚ್ಚಿದ ಉಂಡೆ ಒಣಗಿ ಸೀಳುತ್ತದೆ, ಮೇಲೆ ಹೇಳಿದ ಕಾರಣಕ್ಕೇ. ರಾತ್ರಿ ನೆನೆಸಿದ ಕಡಲೆ ಎಂಟು, ಸಮ ಕತ್ತರಿಸಿದ ಕಸಬರಿಗೆ ಕಡ್ಡಿ ಹನ್ನೆರಡು, ಒಂದು ಘನ ಆಯಿತು. ಕಡಲೆ ಒಣಗಿದಾಗ ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಚೌಕ ಅಲುಗುತ್ತದೆ, ತ್ರಿಕೋನ ಅಲುಗುವುದಿಲ್ಲ ಅನ್ನುವುದೂ ಕೈಗೆ ಸಿಗುತ್ತದೆ. ಹಿಂಗಾರಿ ಜೋಳ ಕೊಯ್ದ ಮೇಲೆ ದಂಟಿನ ಬೆಂಡು ಬಳಸಬಹುದು, ಆದರೆ ದಂಟಿನ ಸಿಬಿರು ಬ್ಲೇಡಿನಂತೆ ಕೊಯ್ಯುತ್ತದೆ, ಸುಲಿಯುವ ಕೆಲಸ ದೊಡ್ಡವರದು.

ನಲಿ-ಕಲಿ ಅಕ್ಕ, ಹಾವೇರಿ

ಕಲಿತದ್ದನ್ನು ತೋರಿಸುವುದು ಹೇಗೆ ಅಂತ ಕೇಳಿದ್ದಿರಿ. ಎತ್ತುಗಳನ್ನು ಸಾಲಾಗಿ ಇಟ್ಟು ಫೋಟೋ ತೆಗೆದರೆ ಯಾವ ಮಗು ಏನು ಕಲಿತಿತು ಅಂತ ಯಾರಿಗೂ ತಿಳಿಯುವುದಿಲ್ಲ. ಪ್ರತಿಭಾ ಕಾರಂಜಿಯ ಕ್ಲೇ ಮಾಡೆಲಿಂಗ್‌ಗೆ ಒಬ್ಬಿಬ್ಬರನ್ನು ತಯಾರು ಮಾಡುವುದು ಬೇರೆ ಕೆಲಸ, ಅದನ್ನು ಇದರೊಳಗೆ ಬೆರೆಸಬೇಡಿ. ಚಂದ ಬಂದ ಎತ್ತಿಗೆ ಚಪ್ಪಾಳೆ ಬಿದ್ದರೆ ಸೀಳಿದ ಎತ್ತಿನ ಮಗು ಮುಂದಿನ ವಾರ ಮಣ್ಣು ಮುಟ್ಟಲು ಹಿಂಜರಿಯುತ್ತದೆ. ಆ ಮಗುವಿನ ಹತ್ತಿರವೇ ಮೊದಲು ಹೋಗಿ, ಎಲ್ಲಿ ಸೀಳಿದೆ, ಅಲ್ಲಿ ಎಷ್ಟು ದಪ್ಪ ಇತ್ತು ಅಂತ ಕೇಳಿ.

ಪ್ರತಿ ಮಗುವಿಗೆ ಒಂದು ಪುಟ ಸಾಕು. ಮೇಲೆ ಊಹೆ, ನಡುವೆ ಅಳತೆಯ ಕೋಷ್ಟಕ, ಕೆಳಗೆ "ಯಾಕೆ ಹೀಗಾಯಿತು" ಅನ್ನುವುದಕ್ಕೆ ಮಗುವಿನದೇ ಮಾತಿನಲ್ಲಿ ಎರಡು ಸಾಲು. "ನೀರು ಹೋತು, ಜಾಗಾ ಖಾಲಿ ಆತು, ಮಣ್ಣು ಹತ್ರ ಬಂತು" ಅಂತ ಬರೆದರೆ ಅದನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಊಹೆ ತಪ್ಪಿದ್ದಕ್ಕೆ ಕೆಂಪು ಗೆರೆ ಹಾಕಬೇಡಿ. ಎರಡನೇ ಸಲ ದೋಣಿಗೋ ಮಣಿಗೋ ಊಹೆ ಬರೆಯುವಾಗ ಅದು ಅಳತೆಗೆ ಹತ್ತಿರ ಬಂದಿದೆಯಾ ನೋಡಿ. ನೋಡಲು ಬಂದವರ ಮುಂದೆ ಆ ಎರಡು ಪುಟ ಇಡಿ.

ನವಲಗುಂದ ಕಡೆಯ ಅಕ್ಕಾರು

ಹೀಗೆ ಹಾಕಿಕೊಂಡಿದ್ದೇನೆ, ನೋಡಿ ಹೇಳಿ. ಸೋಮವಾರದಿಂದ ಮಣ್ಣು ನೆನೆಸಿ ನಾದುವುದು, ಗುರುವಾರ ಮೊದಲ ಗುಂಪಿನ ಎತ್ತು ಮತ್ತು ಪಟ್ಟಿ, ಶುಕ್ರವಾರ ಎರಡನೇ ಗುಂಪು. ಶನಿವಾರ ಬೆಳಗಿನ ಶಾಲೆಯಲ್ಲಿ ಮಣಿ. ದೋಣಿ ಅದರ ಮುಂದಿನ ವಾರ.

ಲೆಕ್ಕದ ಮಾಸ್ತರ, ಧಾರವಾಡ

ಮಣಿಯನ್ನು ಶನಿವಾರ ಬೇಡ ಅಕ್ಕಾವರೆ. ಕಡ್ಡಿ ಎಳೆಯುವ ಹೊತ್ತಿಗೆ ಶಾಲೆ ಬಿಟ್ಟಿರುತ್ತದೆ, ಸೋಮವಾರ ಬಾಗಿಲು ತೆರೆದಾಗ 340 ಮಣಿಯೂ ಕಡ್ಡಿಯ ಮೇಲೆ ಸೀಳಿ ಕೂತಿರುತ್ತವೆ. ಮಂಗಳವಾರ ಮೊದಲ ಪಿರಿಯಡ್‌ನಲ್ಲಿ ಮಾಡಿಸಿ, ಸಂಜೆಯ ಗಂಟೆಗೆ ಮೊದಲು ಮಕ್ಕಳೇ ಕಡ್ಡಿ ತೆಗೆಯಲಿ.

ಚಿತ್ರಕಲಾ ಮಾಸ್ತರ, ಹುಬ್ಬಳ್ಳಿ

ಶನಿವಾರ ಎತ್ತಿನ ಮಗ್ಗಲು ಹೊರಳಸ್ರಿ, ಪಟ್ಟಿ ಅಳೀಲಿ. ರವಿವಾರದ ಸಲುವಾಗಿ ಮ್ಯಾಲೆ ಎರಡು ಪದರ ಪೇಪರ್ ಮುಚ್ಚಿ, ಕಿಡಕಿ ಗಾಳಿ ನೇರ ಬಡೀದ ಮೂಲ್ಯಾಗ ಇಡ್ರಿ. ಮೃಗಶಿರಾ ಗಾಳಿ ಎರಡೇ ತಾಸಿನ್ಯಾಗ ಒಂದು ಮಗ್ಗಲು ಒಣಗಿಸಿಬಿಡತದ.